ಆರು ಇಲ್ಲದ ಕಂಬಗಳು: ನಮ್ಮ ಪ್ರಥಮ ಚಿಕಿತ್ಸೆ ತಂಡದ ಕೆಲಸ ಎಲ್ಲಿಗೆ ಬಂತು

ಮೊದಲ ವಾರ

ಹೋದ ಸಲ ದೊಡ್ಡ ಸಮಾವೇಶದಲ್ಲಿ ನಿಂತಾಗ ನಮಗೆ ಔಷಧಿ ಕಮ್ಮಿ ಬೀಳಲಿಲ್ಲ, ಜನವೂ ಕಮ್ಮಿ ಇರಲಿಲ್ಲ. ಕಮ್ಮಿ ಬಿದ್ದಿದ್ದು ವಿಳಾಸ. "ವೇದಿಕೆಯ ಎಡಗಡೆ ಒಬ್ಬರು ಬಿದ್ದಿದ್ದಾರೆ" ಅಂತ ವಾಕಿಟಾಕಿಯಲ್ಲಿ ಕೂಗು ಬಂತು. ಸ್ಟ್ರೆಚರ್ ಎತ್ತಿಕೊಂಡು ಓಡಿದೆವು. ಕೂಗಿದವರು ನಿಂತಿದ್ದು ವೇದಿಕೆಯ ಮೇಲೆ. ಅವರ ಎಡ ನಮಗೆ ಬಲ! ಸರಿಯಾದ ಜಾಗ ಮುಟ್ಟುವಾಗ ಹನ್ನೊಂದು ನಿಮಿಷ ಕಳೆದಿತ್ತು. ಪುಣ್ಯಕ್ಕೆ ಬರೀ ಬಿಸಿಲಿನ ತಲೆಸುತ್ತು. ಆ ಯಜಮಾನರು ಆಗಲೇ ಎದ್ದು ಕೂತಿದ್ದರು, ನಮ್ಮ ಏದುಸಿರು ನೋಡಿ ತಮ್ಮ ನೀರಿನ ಬಾಟಲಿಯನ್ನೇ ನಮಗೆ ಕೊಟ್ಟರು.

ಅದೇ ಹೃದಯ ನಿಂತ ಕೇಸಾಗಿದ್ದರೆ? ಎದೆ ಒತ್ತುವವರೂ ಇಲ್ಲ, ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರವೂ ಇಲ್ಲ ಅಂದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹನ್ನೊಂದು ನಿಮಿಷಕ್ಕೆ ಲೆಕ್ಕ ಹಾಕಿ ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಸಲದ ಕೆಲಸ ಒಂದೇ ಅಂತ ಅವತ್ತೇ ತೀರ್ಮಾನ ಆಯಿತು: ಮೈದಾನದ ಪ್ರತಿ ಮೂಲೆಗೂ ಒಂದು ಹೆಸರು.

ಎರಡನೇ ವಾರ

ಮೈದಾನದಲ್ಲಿ ದೀಪದ ಕಂಬಗಳು ಹೇಗೂ ಇವೆ. ಅವಕ್ಕೇ ನಂಬರ್ ಹಲಗೆ ಕಟ್ಟಿದೆವು. ಮೊದಲು ಎದೆ ಎತ್ತರಕ್ಕೆ ಕಟ್ಟಿದ್ದು ಶುದ್ಧ ಪೆದ್ದುತನ. ಹತ್ತು ಜನ ಮುಂದೆ ನಿಂತರೆ ಹಲಗೆ ಮಾಯ. ಈಗ ತಲೆಗಳಿಗಿಂತ ಮೇಲೆ, ಸುಮಾರು ಮೂರು ಮೀಟರ್ ಎತ್ತರದಲ್ಲಿ, ನಾಲ್ಕೂ ಕಡೆಯಿಂದ ಕಾಣುವ ಹಾಗೆ ಇದೆ.

ಆಮೇಲೆ ಎರಡು ತೊಂದರೆ ಒಟ್ಟಿಗೆ ಬಂದವು. ಗಾಳಿಗೆ ಹಲಗೆ ತಲೆಕೆಳಗಾದರೆ 6 ಹೋಗಿ 9 ಆಗುತ್ತದೆ. ಇನ್ನು ಗಲಾಟೆಯಲ್ಲಿ ವಾಕಿಟಾಕಿ ಕೇಳಿ ನೋಡಿ: ಆರು, ಮೂರು, ಎಲ್ಲಾ ಒಂದೇ. ಕೊನೆಯ "ರು" ಮಾತ್ರ ಕಿವಿಗೆ ಬೀಳುತ್ತದೆ. ಹದಿಮೂರೋ ಹದಿನಾರೋ ದೇವರೇ ಬಲ್ಲ. ಗೆಳತಿಯೊಬ್ಬಳು ಸುಮ್ನೆ ಅಂದಳು, "ಆರನ್ನೇ ತೆಗೆದುಬಿಡಿ." ತೆಗೆದೆವು. ಈಗ 5 ಆದಮೇಲೆ 7, 15 ಆದಮೇಲೆ 17. ಒಂದೇ ಏಟಿಗೆ ಎರಡೂ ತೊಂದರೆ ಹೋಯಿತು. ಕೇಳಿಸಿಕೊಂಡವರು ನಂಬರನ್ನು ತಿರುಗಿ ಹೇಳಬೇಕು ಅನ್ನೋ ನಿಯಮವನ್ನಂತೂ ಬಿಟ್ಟಿಲ್ಲ.

ಮೂರನೇ ವಾರ

ಗಡಿಯಾರ ಹಿಡಿದು ನಡೆದೆವು. ಖಾಲಿ ಮೈದಾನದಲ್ಲಿ ಟೆಂಟಿನಿಂದ ಕೊನೆಯ ಕಂಬಕ್ಕೆ ಎರಡೂವರೆ ನಿಮಿಷ. ಸ್ವಯಂಸೇವಕರನ್ನೇ ಗುಂಪಾಗಿ ನಿಲ್ಲಿಸಿದಾಗ ಐದು ದಾಟಿತು. ಶಾಕ್ ಮೂರರಿಂದ ಐದು ನಿಮಿಷದೊಳಗೆ ಸಿಗಬೇಕು. ಹಾಗಾಗಿ ಎಇಡಿಯನ್ನು ಟೆಂಟಿನಲ್ಲಿ ಇಟ್ಟು ಕಾಯೋದು ಬೇಡ ಅಂತಾಯಿತು. ಎರಡು ಜೋಡಿ ಜನ ಬೆನ್ನುಚೀಲದಲ್ಲಿ ಹೊತ್ತು ಸುತ್ತುತ್ತಿರುತ್ತಾರೆ. ಎರಡನೇ ಯಂತ್ರ ಎರವಲು ಸಿಕ್ಕಿತು. ಎದೆ ಒತ್ತುವ ಅಭ್ಯಾಸವೂ ಮತ್ತೆ ಮಾಡಿದೆವು: ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, ಎರಡು ನಿಮಿಷಕ್ಕೊಮ್ಮೆ ಆಳು ಬದಲು. "ನನಗೆ ಸುಸ್ತಾಗಲ್ಲ" ಅಂದವರ ಒತ್ತು ನಾಲ್ಕನೇ ನಿಮಿಷಕ್ಕೆ ಅರ್ಧಕ್ಕೆ ಇಳಿದಿತ್ತು. ಅವರಿಗೇ ಗೊತ್ತಾಗಲಿಲ್ಲ.

ನಾಲ್ಕನೇ ವಾರ: ಒಂದು ದಿನದ ಸಣ್ಣ ಪ್ರಯೋಗ

ನಿಜವಾದ ಜನರ ನಡುವೆ ಒಂದು ದಿನ ನಿಂತೆವು. ಟೆಂಟಿಗೆ 38 ಜನ ಬಂದರು. ಕಾಲಿನ ಬೊಕ್ಕೆ, ತಲೆನೋವು, ತರಚು ಗಾಯವೇ ಜಾಸ್ತಿ. ರಿಜಿಸ್ಟರಿನಲ್ಲಿ ಹೆಸರು ಬರೆಯಲಿಲ್ಲ. ಹೊತ್ತು, ಕಂಬ, ತೊಂದರೆ, ಇಷ್ಟೇ.

ಒಂದು ತಪ್ಪು ನಮ್ಮಿಂದಲೇ ಆಯಿತು. ಒಂದು ಲೀಟರ್ ನೀರಿಗೆ ಹಾಕುವ ಓಆರ್‌ಎಸ್ ಪೊಟ್ಟಣವನ್ನು ನಮ್ಮ ಹುಡುಗನೊಬ್ಬ ಅರ್ಧ ಲೀಟರ್ ಬಾಟಲಿಗೆ ಸುರಿದ. ಗಟ್ಟಿಯಾದಷ್ಟೂ ಒಳ್ಳೆಯದು ಅಂತ ಅವನ ಲೆಕ್ಕ. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಕುಡಿಸೋ ಮುಂಚೆ ಕಣ್ಣಿಗೆ ಬಿತ್ತು, ಚೆಲ್ಲಿಸಿದೆ. ಈಗ ಲೀಟರ್ ಗೆರೆ ಎಳೆದ ಜಗ್‌ ಬಿಟ್ಟು ಬೇರೆ ಯಾವುದರಲ್ಲೂ ಕಲಸುವ ಹಾಗಿಲ್ಲ.

ಸಂಜೆ ಆ 38 ಚುಕ್ಕೆಗಳನ್ನು ನಕ್ಷೆಯ ಮೇಲೆ ಇಟ್ಟೆ. 1854ರಲ್ಲಿ ಲಂಡನ್ನಿನಲ್ಲಿ ಜಾನ್ ಸ್ನೋ ಕಾಲರಾ ಸಾವುಗಳನ್ನು ಹೀಗೇ ನಕ್ಷೆಯಲ್ಲಿ ಗುರುತಿಸಿದಾಗ ಅವು ಒಂದು ನೀರಿನ ಪಂಪಿನ ಸುತ್ತ ಕೂಡಿದ್ದವು. ನನ್ನ ಚುಕ್ಕೆಗಳು ಅಷ್ಟು ದೊಡ್ಡ ಕಥೆಯನ್ನೇನೂ ಹೇಳಲಿಲ್ಲ, ಆದರೆ ತಲೆಸುತ್ತಿನ ಒಂಬತ್ತು ಚುಕ್ಕೆಗಳಲ್ಲಿ ಏಳು ಕಂಬ 9ರ ಹತ್ತಿರವೇ ಇದ್ದವು. ಹೋಗಿ ನೋಡಿದರೆ ಒಳಗೆ ಬರುವ ಸಾಲು ನಿಲ್ಲೋದು ಅಲ್ಲೇ. ನೆರಳಿಲ್ಲ, ನೀರೂ ಇಲ್ಲ. ನಾವು ಟೆಂಟಿನಲ್ಲಿ ಕೂತು ಒಬ್ಬೊಬ್ಬರನ್ನೇ ಮಲಗಿಸಿ ಕಾಲೆತ್ತಿ ಇಡುತ್ತಿದ್ದೆವು! ವ್ಯವಸ್ಥಾಪಕರ ಮುಂದೆ ನಕ್ಷೆ ಹರಡಿದೆ. ಶಾಮಿಯಾನ, ಎರಡು ನೀರಿನ ಡ್ರಮ್ಮು ಒಪ್ಪಿದರು. ಬಾಯಲ್ಲಿ ಹೇಳಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ.

ಅದೇ ಕಂಬದ ಹತ್ತಿರ ಐಸು, ನೀರು, ದೊಡ್ಡ ಟಾರ್ಪಾಲು ಕೂಡ ಇಡುತ್ತೇವೆ. ಬಿಸಿಲಲ್ಲಿ ಬಿದ್ದವರು ಏನೇನೋ ತೊದಲುತ್ತಿದ್ದರೆ, ಮೈ 40 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಅದು ತಲೆಸುತ್ತಲ್ಲ, ಹೀಟ್ ಸ್ಟ್ರೋಕ್. ಆಂಬುಲೆನ್ಸ್ ಕರೆಯಬೇಕು, ಆದರೆ ಅದು ಬರೋ ತನಕ ಕಾಯದೆ ಅಲ್ಲೇ ಮೈ ತಣಿಸಲು ಶುರು ಮಾಡಬೇಕು.

ಉಳಿದಿರೋದು: ಕತ್ತಲಲ್ಲಿ ಹಲಗೆ ಕಾಣುವುದಿಲ್ಲ, ಹೊಳೆಯುವ ಟೇಪ್ ಅಂಟಿಸಬೇಕು. ಹೊಸಬರಿಗೆ ಕೊಡುವ ಚೀಟಿಯಲ್ಲಿ "ಆರು ಇಲ್ಲ" ಅಂತ ದಪ್ಪಕ್ಕೆ ಬರೆಯಬೇಕು. ಮೊನ್ನೆ ಒಬ್ಬ ಕಂಬ 16 ಹುಡುಕಿಕೊಂಡು ಅರ್ಧ ಗಂಟೆ ಮೈದಾನ ಸುತ್ತಿ ಬಂದಿದ್ದಾನೆ.