ಚಂದ್ರವಳ್ಳಿಯ ಮಣ್ಣು, ಲಂಡನ್ನಿನ ಹುಲಿ

ವಸಾಹತುಶಾಹಿಯ ನೆರಳಿನಿಂದ ವಸ್ತುಸಂಗ್ರಹಾಲಯಗಳನ್ನು ಬಿಡಿಸಬೇಕೆಂಬ ಮಾತು ಬಂದಾಗ ನಾವು ಸಾಮಾನ್ಯವಾಗಿ ನೆನೆಯುವುದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯಾಗಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿ ಎಂಬ ಮರದ ಯಂತ್ರಗೊಂಬೆಯನ್ನು. ಅದು ಮರಳಿ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಫ್ರಾನ್ಸ್ 2021ರಲ್ಲಿ ಬೆನಿನ್ ದೇಶಕ್ಕೆ 26 ಕಲಾಕೃತಿಗಳನ್ನು ಹಿಂದಿರುಗಿಸಿದೆ. ಜರ್ಮನಿ 2022ರಲ್ಲಿ ನೈಜೀರಿಯಾಕ್ಕೆ, ಈಗ ಆ ದೇಶದಲ್ಲಿ ಸೇರಿರುವ ಹಳೆಯ ಬೆನಿನ್ ರಾಜ್ಯದಿಂದ ಲೂಟಿಯಾದ ‘ಬೆನಿನ್ ಕಂಚು’ ಕಲಾಕೃತಿಗಳನ್ನು ಒಪ್ಪಿಸತೊಡಗಿತು. ಆದ್ದರಿಂದ ಅಸಾಧ್ಯವೆಂಬ ವಾದಕ್ಕೆ ಈಗ ಬಲವಿಲ್ಲ.

ಆದರೆ ಚಿತ್ರದುರ್ಗದಲ್ಲಿ ಕುಳಿತು ಯೋಚಿಸುವಾಗ ನನ್ನನ್ನು ಹೆಚ್ಚು ಕಾಡುವುದು, ಎಲ್ಲಿಗೂ ಹೋಗದೆ ನಮ್ಮಲ್ಲೇ ಉಳಿದ ವಸ್ತುಗಳ ಕಥೆಯನ್ನು ಯಾರು ಹೇಳುತ್ತಾರೆ ಎಂಬ ಪ್ರಶ್ನೆ. ನಮ್ಮ ಜಿಲ್ಲೆಯ ಪ್ರಾಚೀನ ನೆಲೆಗಳಾದ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ ಎಂದೊಡನೆ 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರ ಹೆಸರು ಮುಂದೆ ಬರುತ್ತದೆ. ಮಣ್ಣಿನ ಪದರಗಳನ್ನು ಗುರುತಿಸಿ ಕಾಲನಿರ್ಣಯ ಮಾಡಿದ ಅವರ ಕೆಲಸ ದೊಡ್ಡದು, ನಿಜ. ಆದರೂ ಅವರಿಗಿಂತ ಮೊದಲೇ ಇವೆರಡೂ ನೆಲೆಗಳಲ್ಲಿ ಅಗೆದು ನೋಡಿದ್ದ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರನ್ನು ನಮ್ಮ ಮಕ್ಕಳು ಬಲ್ಲರೇ? ಗುದ್ದಲಿ ಹಿಡಿದು ಗುಂಡಿಗಿಳಿದ ಸುತ್ತಲಿನ ಹಳ್ಳಿಗರ ಹೆಸರುಗಳಂತೂ ವಿವರಫಲಕಗಳಲ್ಲಿ ಕಾಣುವುದೇ ಅಪರೂಪ.

ಹೀಗಾಗಿ ಜಿಲ್ಲೆಯ ಸಂಗ್ರಹಾಲಯಗಳಲ್ಲಿ ಪ್ರತಿ ಮಡಕೆ ಚೂರಿನ ಪಕ್ಕದಲ್ಲೂ ಅದು ಸಿಕ್ಕ ಊರು, ಅಗೆದವರು, ಅಲ್ಲಿಂದ ಸಾಗಿಸಿದವರು, ಈಗ ಅದರ ಉಳಿದ ಭಾಗಗಳಿರುವ ಸ್ಥಳ, ಇಷ್ಟನ್ನೂ ಮೊದಲು ಕನ್ನಡದಲ್ಲಿ ಬರೆಯಬೇಕು. ಮೊಳಕಾಲ್ಮೂರಿನ ಹಿರಿಯರು ಅಶೋಕನ ಶಾಸನದ ಬಂಡೆಯ ಬಗ್ಗೆ ಹೇಳುವ ಮಾತುಗಳನ್ನೂ ದಾಖಲಿಸಿ ಅದೇ ಗೋಡೆಯ ಮೇಲೆ ಹಾಕಬೇಕು. ಇದಕ್ಕೆ ಲಂಡನ್ನಿನ ಅನುಮತಿ ಬೇಕಿಲ್ಲ.