ಬೇಸಿಗೆಯಲ್ಲಿ ಮಲೇರಿಯಾ ಸೊಳ್ಳೆ ಎಲ್ಲಿರುತ್ತದೆ?

ಮಾರ್ಚ್ ಕಳೆದು ನಮ್ಮ ತೀರ್ಥಹಳ್ಳಿ ಕಡೆಯ ಹಳ್ಳಗಳು ಸೊರಗಿದ ಮೇಲೆ, ಇನ್ನು ಮಳೆಗಾಲದವರೆಗೆ ಚಳಿಜ್ವರದ ಭಯವಿಲ್ಲವೆಂದು ನಂಬುವವರು ಅನೇಕರಿದ್ದಾರೆ. ಸೊಳ್ಳೆಯ ಮೊಟ್ಟೆಗಳು ಒಣಮಣ್ಣಿನಲ್ಲಿ ಕಾದಿದ್ದು ಮೊದಲ ಮಳೆಗೆ ಮರಿಯಾಗುತ್ತವೆ ಎಂಬ ಮಾತೂ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುವುದು ನಿಜ. ಆದರೆ ಮಲೇರಿಯಾ ಹರಡುವ ಅನಾಫಿಲೀಸ್‌ನ ಮೊಟ್ಟೆಗೆ ಆ ತಾಳಿಕೆಯಿಲ್ಲ.

ಹೀಗಿರುವಾಗ ಆಫ್ರಿಕಾದ ಸಾಹೇಲ್ ಸೀಮೆಯಲ್ಲಿ, ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಎಲ್ಲಿಯೂ ನೀರು ನಿಲ್ಲದ ಊರುಗಳಲ್ಲಿ, ಮಳೆ ಬಿದ್ದ ಕೂಡಲೇ ಸೊಳ್ಳೆಗಳು ಕಾಣಿಸಿಕೊಳ್ಳುವುದು ವಿಜ್ಞಾನಿಗಳಿಗೆ ಬಹುಕಾಲ ಒಗಟಾಗಿತ್ತು. ಮಾಲಿ ದೇಶದ ಹಳ್ಳಿಯೊಂದರಲ್ಲಿ ಗುರುತು ಹಾಕಿ ಬಿಟ್ಟಿದ್ದ ಸೊಳ್ಳೆಗಳ ಪೈಕಿ ಒಂದು ಹೆಣ್ಣು ಏಳು ತಿಂಗಳ ನಂತರ ಮತ್ತೆ ಸಿಕ್ಕಿತು. ಸಾಮಾನ್ಯವಾಗಿ ಕೆಲವೇ ವಾರ ಬದುಕುವ ಜೀವಕ್ಕೆ ಇದು ದೀರ್ಘಾಯುಷ್ಯವೇ ಸರಿ. ಕೊಲುಜ್ಜಿ ಎಂಬ ಪ್ರಭೇದ ಹೀಗೆ ಅಡಗಿ ಬೇಸಿಗೆ ಕಳೆಯುತ್ತದೆಂದೂ, ಅದರ ದಾಯಾದಿಗಳಾದ ಇತರ ಪ್ರಭೇದಗಳು ದೂರದಿಂದ ವಲಸೆ ಬರುತ್ತವೆಂದೂ 2014ರ ಅಧ್ಯಯನ ಸೂಚಿಸಿತು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬಲೂನಿಗೆ ಕಟ್ಟಿ ಆಕಾಶಕ್ಕೇರಿಸಿದ ಬಲೆಗಳಲ್ಲಿ, ಗಾಳಿಯ ಜೊತೆ ರಾತ್ರಿ ಸಾಗುತ್ತಿದ್ದ ಅನಾಫಿಲೀಸ್‌ಗಳು ನೆಲದಿಂದ 40ರಿಂದ 290 ಮೀಟರ್ ಎತ್ತರದಲ್ಲಿ ಸಿಕ್ಕಿಬಿದ್ದವು.

ನಮ್ಮ ಮಲೆನಾಡಿನ ಫ್ಲೂವಿಯಾಟಿಲಿಸ್ ಎಂಬ ಅನಾಫಿಲೀಸ್ ಪ್ರಭೇದಕ್ಕೆ ಇಂಥ ಕಷ್ಟವೇ ಇಲ್ಲ. ಅದು ತಿಳಿಯಾಗಿ ಮೆಲ್ಲನೆ ಹರಿಯುವ ನೀರನ್ನು ಬಯಸುತ್ತದೆ. ಆಗುಂಬೆಯ ಸುತ್ತ ಜುಲೈಯಲ್ಲಿ ರಭಸದಿಂದ ಇಳಿಯುವ ಹಳ್ಳ ಅದರ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ನಿಂತು ನೀರು ತಗ್ಗಿದ ಮೇಲೆಯೇ ಅದಕ್ಕೆ ಅನುಕೂಲ. ಆದ್ದರಿಂದ ಬತ್ತದ ಝರಿಗಳಿರುವ ನಮ್ಮಲ್ಲಿ ಬೇಸಿಗೆಯನ್ನು ನಿಶ್ಚಿಂತೆಯ ಕಾಲವೆಂದು ಎಣಿಸುವುದು ಅಪಾಯಕರವೆಂಬುದು ನನ್ನ ದೃಢ ಅಭಿಪ್ರಾಯ.

ಅಡಿಕೆ ತೋಟದ ಪಕ್ಕದ ಹಳ್ಳದಲ್ಲಿ ಹುಲ್ಲು ನೀರಿಗೆ ಬಾಗಿರುವ ಅಂಚನ್ನು ಬಗ್ಗಿ ನೋಡಿದರೆ ಇದು ತಿಳಿಯುತ್ತದೆ. ಬೇರೆ ಸೊಳ್ಳೆಗಳ ಮರಿಗಳು ತಲೆ ಕೆಳಗಾಗಿ ನೇತಾಡುತ್ತವೆ. ಅನಾಫಿಲೀಸ್‌ನ ಮರಿ ನೀರಿನ ಮೇಲ್ಮೈಗೆ ಸಮನಾಗಿ, ಸಣ್ಣ ಕಡ್ಡಿಯಂತೆ ಮಲಗಿರುತ್ತದೆ, ನೆರಳು ಬಿದ್ದೊಡನೆ ಜಾರಿ ಮರೆಯಾಗುತ್ತದೆ. ಬೇಸಿಗೆಯ ಬಿಸಿಯಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕಾಗುವುದರಿಂದ, ಅಂಚಿನ ಹುಲ್ಲು ಸವರುವುದನ್ನೂ ತೋಟದ ಬಸಿಗಾಲುವೆಯಲ್ಲಿ ನಿಂತ ನೀರನ್ನು ಬಿಡಿಸುವುದನ್ನೂ ಏಪ್ರಿಲ್, ಮೇ ತಿಂಗಳಲ್ಲಿಯೂ ವಾರಕ್ಕೊಮ್ಮೆ ಮಾಡಬೇಕು.