ಕುಂಡ ಎತ್ತಿ ನೋಡಿ ನೀರು ಹಾಕಿದ ಭಾನುವಾರ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದಾಗ ನಮ್ಮ ತಾರಸಿಯ ಮೇಲೆ ಐದಾರು ವಾರದ ಬ್ಯಾಡಗಿ ಮೆಣಸಿನ ಸಸಿಗಳಿದ್ದವು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ವೈಟ್‌ಫೀಲ್ಡ್ ಆಚೆಗಿನ ನಮ್ಮ ಕಡೆಯ ಬೋರ್‌ವೆಲ್‌ಗಳು ಒಂದೊಂದಾಗಿ ನಿಂತವು. ನೆಲದಡಿಯ ಸಂಪ್‌ಗೆ ಟ್ಯಾಂಕರ್ ನೀರು ಬಂದ ದಿನ ಬಿಂದಿಗೆ ತುಂಬಿಸಿಕೊಳ್ಳುವುದು, ಬರದ ದಿನ ಲೆಕ್ಕ ಹಾಕಿ ಬಳಸುವುದು. ಇಂಥ ಹೊತ್ತಿನಲ್ಲಿ ಗಿಡಕ್ಕೆ ಪೈಪು ಹಿಡಿಯಬಾರದು ಎನ್ನುವ ಮಾತು ನನಗೆ ಪೂರ್ತಿ ಸರಿ ಎನಿಸಿತ್ತು. ಹಾಗೆಂದು ಸಸಿಗಳನ್ನು ಒಣಗಲು ಬಿಡುವ ಮನಸ್ಸೂ ಇರಲಿಲ್ಲ. ಬೀಜ ಹಾವೇರಿಯಿಂದ ಅವ್ವ ತಂದದ್ದು. ಊರಲ್ಲಿ ಒಣಗಿಸಿಟ್ಟ ಹಣ್ಣುಮೆಣಸಿನಕಾಯಿಯನ್ನು ಅವಳೇ ಒಡೆದು, ಬೀಜ ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಆ ವಾರವೆಲ್ಲ ಇದೇ ಚರ್ಚೆ. ಗಿಡಗಳನ್ನೆಲ್ಲ ತೆಗೆಸಿಬಿಡೋಣ ಎಂದರು ಕೆಲವರು. ನಾನು ಬರೆದದ್ದು ಒಂದೇ ಮಾತು: ಕುಂಡದಲ್ಲಿರುವ ಎಳೆ ಸಸಿಗೆ ಬೇಕಾದ ನೀರು ನಾವಂದುಕೊಂಡದ್ದಕ್ಕಿಂತ ಬಹಳ ಕಡಿಮೆ, ಅಡುಗೆಮನೆಯಲ್ಲಿ ಚರಂಡಿಗೆ ಹೋಗುವ ನೀರೇ ಅದಕ್ಕೆ ಸಾಕು. ಬೇಕಾದವರು ಭಾನುವಾರ ಬೆಳಿಗ್ಗೆ ತಾರಸಿಗೆ ಬನ್ನಿ, ನೋಡಿ ಎಂದೆ.

ಭಾನುವಾರ ಆರೂವರೆಗೆ ನಾನೂ ಅವ್ವನೂ ಮೇಲೆ ಹೋದೆವು. ಅಕ್ಕಿ, ತರಕಾರಿ ತೊಳೆದ ನೀರು ಒಂದು ಬಕೆಟ್ ಇತ್ತು. ಅಕ್ಕಿ ತೊಳೆದದ್ದನ್ನು ಅಂದಂದೇ ಬಳಸಬೇಕು, ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ. ಇನ್ನೊಂದು ಕ್ಯಾನಿನಲ್ಲಿ ಮೂರನೇ ಮಹಡಿಯವರ ಏಸಿಯಿಂದ ತೊಟ್ಟಿಕ್ಕಿದ ನೀರು. ಗಾಳಿಯ ತೇವವೇ ತಣಿದು ಹನಿಯಾಗಿ ಬಂದದ್ದರಿಂದ ಅದರಲ್ಲಿ ಲವಣ ಇಲ್ಲವೇ ಇಲ್ಲ ಎನ್ನಬೇಕು. ನನ್ನ ಹತ್ತಿರ ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್ ಇದೆ, ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೋರಿಸುತ್ತದೆ. ಏಸಿ ನೀರಿಗೆ ಅದ್ದಿದರೆ ಎರಡಂಕಿ ದಾಟಲಿಲ್ಲ. ಟ್ಯಾಂಕರ್ ನೀರು 900ರ ಹತ್ತಿರ. ಕುಡಿಯುವ ನೀರಿಗೆ 500ರ ಒಳಗಿದ್ದರೆ ಒಳ್ಳೆಯದು ಎಂದು ಭಾರತೀಯ ಮಾನಕ ಹೇಳುತ್ತದೆ, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತದೆ. ಮನುಷ್ಯರು ಅಷ್ಟನ್ನು ತಡೆದುಕೊಂಡೇವು, ಅಂಗೈಯಗಲದ ಕುಂಡದಲ್ಲಿರುವ ಸಸಿಗೆ ಅದು ಬಲು ಕಷ್ಟ. ಹೊಲದಲ್ಲಾದರೆ ಮಳೆ ಬಂದು ಉಪ್ಪನ್ನು ಕೆಳಕ್ಕೆ ತೊಳೆದುಕೊಂಡು ಹೋಗುತ್ತದೆ. ಕುಂಡದಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಕೆಲಸ ಶುರುವಾದದ್ದು ನೀರಿನಿಂದಲ್ಲ, ಕುಂಡ ಎತ್ತುವುದರಿಂದ. ನಾಲ್ಕಿಂಚಿನ ಪ್ಲಾಸ್ಟಿಕ್ ಕುಂಡದಲ್ಲಿ ಹಿಡಿಯುವುದು ಅರ್ಧ ಲೀಟರಿನಷ್ಟು ಮಣ್ಣು. ಕೆಂಪು ಮಣ್ಣು, ಕೊಕೊಪೀಟ್ ಎನ್ನುವ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಸಮ, ಮೇಲೆ ಒಂದು ಹಿಡಿ ಬೇವಿನ ಹಿಂಡಿ ಕಲಸಿದ ಮಿಶ್ರಣ ಅದು. ಚೆನ್ನಾಗಿ ನೀರು ಕುಡಿದ ಕುಂಡ ಕೈಗೆ ತುಂಬಿದ ಲೋಟದ ಹಾಗೆ ಸಿಗುತ್ತದೆ. ಒಣಗಿದ್ದು ಎತ್ತುವಾಗ ಕೈಯೇ ಮೇಲಕ್ಕೆ ಹಾರಿದಂತಾಗುತ್ತದೆ. ನಾಲ್ಕು ಸಲ ಎತ್ತಿದರೆ ತಕ್ಕಡಿಯೇ ಬೇಡ. ಮೇಲ್ಮಣ್ಣಿನ ಬಣ್ಣ ನೋಡಿ ತೀರ್ಮಾನ ಮಾಡಬಾರದು. ಕೊಕೊಪೀಟಿನ ಗುಣವೇ ಹಾಗೆ: ಮೇಲೆ ತಿಳಿಗಂದು ಬಣ್ಣಕ್ಕೆ ತಿರುಗಿ ಒಣಗಿದಂತೆ ಕಾಣುತ್ತದೆ, ಬೆರಳಿನ ಎರಡನೇ ಗೆಣ್ಣಿನವರೆಗೆ ಇಳಿಸಿದರೆ ಒಳಗೆ ತಣ್ಣಗೆ ಒದ್ದೆ. ಬಣ್ಣ ನಂಬಿ ದಿನಾ ಬೆಳಿಗ್ಗೆ ನೀರು ಸುರಿಯುವವರ ಸಸಿಗಳೇ ಬುಡ ಕೊಳೆತು ಮಲಗುವುದು.

ಹಗುರವಾದವನ್ನು ಎಡಕ್ಕೆ, ಭಾರದವನ್ನು ಬಲಕ್ಕೆ ಇಟ್ಟೆವು. ಅರ್ಧಕ್ಕಿಂತ ಹೆಚ್ಚು ಕುಂಡಗಳು ಬಲಕ್ಕೇ ಬಂದವು. ಎಡಗಡೆಯವಕ್ಕೆ ಒಂದೊಂದು ಕಾಫಿ ಲೋಟದಷ್ಟು, ಅಂದರೆ ನೂರು ಮಿಲಿಲೀಟರ್ ಆಸುಪಾಸು. ಅದನ್ನೂ ಒಂದೇ ಸಲ ಸುರಿಯಲಿಲ್ಲ. ಪೂರ್ತಿ ಒಣಗಿದ ಮಿಶ್ರಣ ಕುಂಡದ ಗೋಡೆ ಬಿಟ್ಟು ಸರಿದಿರುತ್ತದೆ. ಸುರಿದ ನೀರು ಆ ಸಂದಿನಿಂದ ನೇರ ತೂತಿಗೆ ಇಳಿದು ಹೋಗುತ್ತದೆ, ನಡುವಿನ ಬೇರಿಗೆ ಮುಟ್ಟುವುದೇ ಇಲ್ಲ. ಮೊದಲು ಎರಡು ಚಮಚ ಸುತ್ತಲೂ ಹಾಕಿ, ಇಡೀ ಸಾಲು ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದೆವು. ಅಷ್ಟರಲ್ಲಿ ಮಣ್ಣು ಮೆತ್ತಗಾಗಿ ಉಳಿದ ನೀರನ್ನು ಹಿಡಿದುಕೊಳ್ಳಲು ಸಿದ್ಧವಾಗಿತ್ತು. ಅವ್ವ ನೀರನ್ನು ಕಾಂಡದ ಬುಡಕ್ಕೆ ಬೀಳಿಸುತ್ತಲೇ ಇರಲಿಲ್ಲ, ಕುಂಡದ ಅಂಚಿನ ಗುಂಟ ಬಿಡುತ್ತಿದ್ದಳು. "ಬೇರು ನೀರು ಹುಡಿಕ್ಕೊಂಡು ಹೋಗಬೇಕವ್ವಾ, ನೀರ ಬೇರಿನ ಬಾಯಿಗೆ ಹೋಗಿ ಕುಂದ್ರಬಾರ್ದು" ಎಂದಳು. ಊರಲ್ಲಿ ಅವಳು ಮೆಣಸು ಬೆಳೆದದ್ದು ಎರೆ ಹೊಲದಲ್ಲಿ, ಮುಂಗಾರಿನ ಮಳೆ ನಂಬಿ. ಎರಡು ಮಳೆಗಳ ನಡುವೆ ಗಿಡ ಬೇರನ್ನು ಆಳಕ್ಕೆ ಇಳಿಸುವುದನ್ನು ಕಣ್ಣಾರೆ ಕಂಡವಳು.

ಏಳೂವರೆ ಹೊತ್ತಿಗೆ ಎರಡನೇ ಮಹಡಿಯವರು ಬಂದರು. ಕೈಯಲ್ಲಿ ಟ್ರೇ ತುಂಬ ಟೊಮೆಟೊ ಸಸಿ, ಮುಖದಲ್ಲಿ ಚಿಂತೆ. ಎಲೆಗಳೆಲ್ಲ ಜೋತುಬಿದ್ದಿದ್ದವು. ನೀರು ಕಡಿಮೆಯಾಗಿದೆ ಎಂದುಕೊಂಡು ಅವರು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹಾಕುತ್ತಿದ್ದರು. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರು ವ್ಯರ್ಥವಾಗಬಾರದೆಂದು ಅದನ್ನೇ ಹಿಡಿದಿಟ್ಟು ಉಣಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಒಂದು ಕುಂಡ ಎತ್ತಿದೆ, ಕಲ್ಲಿನಂತೆ ಭಾರ. ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಕಟ್ಟಿತ್ತು. ಮೀಟರಿಗೆ ಅವರ ನೀರು 1,500 ದಾಟಿತು. ಆರ್‌ಒ ಯಂತ್ರ ಕುಡಿಯುವ ನೀರಿನಿಂದ ತೆಗೆದ ಲವಣವನ್ನೆಲ್ಲ ಈ ನೀರಿಗೇ ತಾನೇ ಸೇರಿಸುವುದು. ನೆಲ ಒರೆಸಲು, ಶೌಚಾಲಯಕ್ಕೆ ಅದು ಬಹಳ ಉಪಯೋಗ. ಎಳೆ ಸಸಿಗೆ ಮಾತ್ರ ಬೇಡ.

ಅವರ ಒಪ್ಪಿಗೆ ಕೇಳಿ, ಬುಡವನ್ನು ಎರಡು ಬೆರಳ ನಡುವೆ ಹಿಡಿದು ಕುಂಡವನ್ನು ತಲೆಕೆಳಗು ಮಾಡಿ ಮೆಲ್ಲಗೆ ತಟ್ಟಿದೆ. ಮಣ್ಣಿನ ಹೆಂಟೆ ಇಡಿಯಾಗಿ ಅಂಗೈಗೆ ಬಂತು. ಈ ವಯಸ್ಸಿನ ಸಸಿಯ ಬೇರು ದಾರದಂತೆ ಬೆಳ್ಳಗೆ ಹೆಂಟೆಯ ಹೊರಗೆಲ್ಲ ಹೆಣೆದುಕೊಂಡಿರಬೇಕು. ಇಲ್ಲಿ ಮೇಲೆ ಸ್ವಲ್ಪ ಬಿಳಿ, ಕೆಳಗೆ ಕಂದು. ತುದಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ಎಳೆ ಮಾತ್ರ ಉಳಿಯಿತು. ಕೆಸರಿನ ವಾಸನೆ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗೊಂದುಗಳಲ್ಲಿ ಗಾಳಿ ಇರಬೇಕಾದ ಜಾಗವನ್ನೂ ನೀರೇ ತುಂಬಿಕೊಂಡರೆ ಬೇರು ಸೋಲುತ್ತದೆ, ಸೋತ ಬೇರು ಸುತ್ತ ನೀರಿದ್ದರೂ ಎಳೆದುಕೊಳ್ಳಲಾರದು. ಹಾಗಾಗಿ ಬಾಯಾರಿದ ಸಸಿಯೂ ನೀರಲ್ಲಿ ಮುಳುಗಿದ ಸಸಿಯೂ ದೂರದಿಂದ ನೋಡಿದರೆ ಒಂದೇ ತರಹ ಬಾಡಿರುತ್ತವೆ. ವ್ಯತ್ಯಾಸ ಹೇಳುವುದು ಕುಂಡದ ಭಾರ. ಮಟಮಟ ಮಧ್ಯಾಹ್ನ ಬಾಡಿ, ಬಿಸಿಲಿಳಿದ ಮೇಲೆ ತಾನಾಗಿ ತಲೆಯೆತ್ತುವ ಸಸಿಗೆ ಏನೂ ಆಗಿಲ್ಲ. ಬೆಳಗಿನ ತಂಪಿನಲ್ಲೂ ಬಾಡಿಯೇ ಇದ್ದರೆ ಕೂಡಲೇ ಕುಂಡ ಎತ್ತಿ ನೋಡಬೇಕು.

ಅವರು ಚೀಲದಿಂದ 19:19:19 ಪೊಟ್ಟಣ ತೆಗೆದರು. ಎಲೆ ಹಳದಿಯಾಗಿದೆಯಲ್ಲ, ಇದನ್ನು ಹಾಕಿದರೆ ಚೇತರಿಸಿಕೊಳ್ಳುತ್ತವೆಯಾ ಎಂದು ಕೇಳಿದರು. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ ಅದು. ನಾನೂ ಬಳಸುತ್ತೇನೆ, ಆ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆ ದಿನ ಬೇಡವೇ ಬೇಡ ಎಂದೆ. ಗೊಬ್ಬರವೂ ಒಂದು ಲವಣವೇ. ಮಣ್ಣಿನಲ್ಲಿ ಲವಣ ಹೆಚ್ಚಾದಷ್ಟೂ ಬೇರು ನೀರೆಳೆಯುವುದು ಕಷ್ಟವಾಗುತ್ತದೆ. ಮೊದಲೇ ಸೋತಿದ್ದ ಬೇರಿಗೆ ಅದು ಇನ್ನೊಂದು ಹೊರೆ. ಇನ್ನು ಹಳದಿ ಎಲ್ಲಿದೆ ಎಂದು ನೋಡಬೇಕಲ್ಲ. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಹೊಸ ಚಿಗುರಿಗೆ ಕೊಡುತ್ತದೆ, ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣಾಂಶವನ್ನು ಹಾಗೆ ಜಾಗ ಬದಲಿಸಲು ಗಿಡಕ್ಕೆ ಆಗದು. ಅದರ ಕೊರತೆ ಕಾಣುವುದು ಹೊಸ ಎಲೆಯಲ್ಲಿ, ನರಗಳು ಹಸಿರು, ನಡುವೆ ಹಳದಿ. ಅವರ ಸಸಿಗಳ ಕೆಳ ಎಲೆಗಳೆಲ್ಲ ಹಸಿರಾಗಿಯೇ ಇದ್ದವು, ತುದಿಯ ಎಲೆಗಳಲ್ಲಿ ಮಾತ್ರ ಹಸಿರು ನರಗಳ ಬಲೆ ಎದ್ದು ಕಾಣುತ್ತಿತ್ತು. ಗಡಸು ನೀರು ದಿನಾ ಬಿದ್ದು ಮಣ್ಣು ಕ್ಷಾರವಾದರೆ, ಬೇರು ಸೋತರೆ, ಮಣ್ಣಿನಲ್ಲಿ ಕಬ್ಬಿಣವಿದ್ದೂ ಗಿಡಕ್ಕೆ ದಕ್ಕುವುದಿಲ್ಲ. ಅದಕ್ಕೆ ಪೊಟ್ಟಣದ ಸಾರಜನಕ ಏನು ಮಾಡೀತು?

ಕೆಳಗಿದ್ದ ತಟ್ಟೆಗಳನ್ನು ತೆಗೆದು, ಕುಂಡಗಳನ್ನು ಎರಡೆರಡು ಇಟ್ಟಿಗೆ ಚೂರಿನ ಮೇಲೆ ಕೂರಿಸಿದೆವು. ತೂತುಗಳಿಗೆ ಗಾಳಿಯಾಡಬೇಕು. ನೆರಳುಬಲೆಯ ಕೆಳಗಿಟ್ಟು, ಭಾರ ಇಳಿಯುವವರೆಗೆ ಹನಿ ನೀರೂ ಬೇಡ, ಆಮೇಲೆ ಒಂದು ಸಲ ಏಸಿ ನೀರನ್ನೇ ಧಾರಾಳವಾಗಿ ಹಾಕಿ ಉಪ್ಪು ಕೆಳಗಿಳಿಯಲು ಬಿಡಿ ಎಂದೆ. ಬಾಡಿದ ಸಸಿ ಎದುರಿಗಿದ್ದಾಗ ನೀರು ಹಾಕದೆ ಸುಮ್ಮನಿರುವುದು ಎಷ್ಟು ಕಷ್ಟ ಎನ್ನುವುದು ನನಗೆ ಗೊತ್ತು. ಅವರು ತಲೆಯಾಡಿಸಿದರು, ಆದರೆ ಕಣ್ಣು ಬಕೆಟ್ಟಿನ ಕಡೆಗೇ ಇತ್ತು.

ಅವ್ವ ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದವಳು ಆಗ ಬಾಯಿ ಬಿಟ್ಟಳು. "ನಮ್ಮ ಕಡೆ ಬಿತ್ತೂದಕ್ಕಿಂತ ಮೊದಲ ಹೊಲದಾಗ ಕುರಿ ತರಬತಿದ್ವಿ. ಭೂಮಿಗೆ ಮೊದಲ ಉಣಸ್ಬೇಕು. ಸಸಿ ಬಂದ ಮ್ಯಾಲೆ ಅದರ ಬಾಯಿಗೆ ತುತ್ತು ತುರುಕೂದಲ್ಲ." ಕುರಿಗಾರರ ಹಿಂಡು ಬಂದು ಬಯಲು ಹೊಲದಲ್ಲಿ ರಾತ್ರಿ ಮಲಗಿ ಹಿಕ್ಕೆ, ಗಂಜಲ ಬಿಟ್ಟು ಹೋಗುವುದು, ಅದಕ್ಕೆ ರೈತರು ಕಾಳು ಕೊಡುವುದು ಉತ್ತರ ಕರ್ನಾಟಕದಲ್ಲಿ ಹಳೆಯ ಪದ್ಧತಿ. ಕುಂಡದ ಲೆಕ್ಕವೂ ಅದೇ ತಾನೆ. ಬೀಜ ಮೊಳೆತಾಗ ಮೊದಲ ಊಟ ಬೀಜದಲ್ಲೇ ಇರುತ್ತದೆ. ಮೊಳಕೆಯ ಮೊದಲ ಜೋಡಿ ಬೀಜದೆಲೆಗಳ ನಂತರದ ನಿಜ ಎಲೆಗಳು ಬಂದ ಮೇಲೆ ಮಣ್ಣಿಗೆ ಸೇರಿಸಿದ ಎರೆಗೊಬ್ಬರ ಕೆಲವು ವಾರ ಸಾಕುತ್ತದೆ. ನಾಲ್ಕಾರು ನಿಜ ಎಲೆ ಬಿಡುವವರೆಗೆ ಬೇರೆ ಗೊಬ್ಬರದ ಅಗತ್ಯವೇ ಕಾಣುವುದಿಲ್ಲ. ಬರೀ ಕೊಕೊಪೀಟಿನಲ್ಲಿ ಎಬ್ಬಿಸಿದ ಸಸಿಯ ಕಥೆ ಬೇರೆ. ಅದರಲ್ಲಿ ಊಟ ಇಲ್ಲವೆನ್ನುವಷ್ಟು ಕಡಿಮೆ, ಬೇಗ ಕೊಡಬೇಕಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಶಿಲೀಂಧ್ರ ಬಳಸಿ ಹುದುಗಿಸಿದ ಕೊಕೊಪೀಟನ್ನು ಸಸಿಗಳಿಗಾಗಿಯೇ ರೂಪಿಸಿದ್ದಾರೆ. ಇಟ್ಟಿಗೆಯಾಕಾರದಲ್ಲಿ ಸಿಗುವ ಮಾಮೂಲಿ ಕೊಕೊಪೀಟ್ ಕೊಂಡವರು ಅದನ್ನು ತೊಳೆದು ಉಪ್ಪು ತೆಗೆಯದೆ ಬಳಸಬಾರದು.

ಎಂಟೂವರೆಗೆ ಬಿಸಿಲು ಚುರುಕಾಯಿತು. ಕುಂಡಗಳನ್ನೆಲ್ಲ ಒತ್ತೊತ್ತಾಗಿ ಸೇರಿಸಿದೆವು. ತಾರಸಿಯಲ್ಲಿ ಒಂಟಿ ಕುಂಡಕ್ಕೆ ನಾಲ್ಕೂ ಕಡೆಯಿಂದ ಕಾವು ಹೊಡೆಯುತ್ತದೆ, ಒಳಗಿನ ಬೇರು ಸುಡುತ್ತದೆ. ಗುಂಪಿನಲ್ಲಿದ್ದರೆ ಹೊರಸಾಲಿನವು ಮಾತ್ರ ಬಿಸಿಲು ತಿನ್ನುತ್ತವೆ, ಆ ಸಾಲಿಗೆ ತೇವದ ಗೋಣಿಚೀಲ ಸುತ್ತಿದರೆ ಅದೂ ತಪ್ಪುತ್ತದೆ. ಮೇಲೆ ಒಣ ಎಲೆ ಹರಡಿದೆವು, ಕಾಂಡಕ್ಕೆ ತಾಗದಷ್ಟು ದೂರ ಬಿಟ್ಟು. ಬಕೆಟ್ಟಿನಲ್ಲಿ ಇನ್ನೂ ಮೂರನೇ ಒಂದು ಭಾಗ ನೀರು ಉಳಿದಿತ್ತು. ಗುಂಪಿಗೆ ಅದರದೇ ಫೋಟೋ ಹಾಕಿದೆ. ಅವತ್ತು ಸಂಜೆಯೊಳಗೆ ಮೂರು ಮನೆಗಳ ಏಸಿಗೆ ಕ್ಯಾನುಗಳು ಸಿಕ್ಕಿಕೊಂಡವು.

ಆ ಬೇಸಿಗೆ ಮುಂದೆ ಇನ್ನೂ ಬಿಗಿಯಾಯಿತು. ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು, ಮಳೆ ಎನ್ನುವುದು ಬಂದದ್ದೇ ಮೇ ತಿಂಗಳಲ್ಲಿ. ಟೊಮೆಟೊ ಸಸಿಗಳಲ್ಲಿ ಕೆಲವು ಹೋದವು. ಉಳಿದವುಗಳ ಕುಂಡದ ಭಾರ ಇಳಿಯಲು ಐದಾರು ದಿನ ಹಿಡಿಯಿತು. ಮುಂದಿನ ಭಾನುವಾರ ಅವರು ಒಂದನ್ನು ತಾವೇ ತಲೆಕೆಳಗು ಮಾಡಿ ತಟ್ಟಿ, ಹೆಂಟೆಯ ಪಕ್ಕದಿಂದ ಹೊರಟಿದ್ದ ಎಳ್ಳಿನಷ್ಟು ಉದ್ದದ ಬಿಳಿ ಬೇರುಗಳನ್ನು ನನಗೆ ತೋರಿಸಿದರು. ಇನ್ನೂ ಎರಡು ವಾರ ಬಿಟ್ಟು, ಹೊಸ ಎಲೆಗಳು ಹಸಿರಾಗಿ ಬಿಚ್ಚಿಕೊಂಡ ಮೇಲೆ 19:19:19 ಪೊಟ್ಟಣ ಒಡೆದೆವು. ಅಡುಗೆಯ ತೂಕದ ಯಂತ್ರದಲ್ಲಿ ಅಳೆದು, ಲೀಟರ್ ಏಸಿ ನೀರಿಗೆ ಒಂದೇ ಗ್ರಾಂ. ಹೊಲದ ಬೆಳೆಗೆ ಸಿಂಪಡಿಸುವವರು ಲೀಟರಿಗೆ ಐದು ಗ್ರಾಂವರೆಗೂ ಹೋಗುತ್ತಾರೆ, ಎಳೆಯವಕ್ಕೆ ಅಷ್ಟು ಬೇಡ. ಒಣ ಮಣ್ಣಿಗೆ ಗೊಬ್ಬರದ ನೀರು ನೇರ ಬಿದ್ದರೆ ಬೇರು ಸುಡುತ್ತದೆಂದು ಮೊದಲು ಬರೀ ನೀರು ಹಾಕಿ ಅರ್ಧ ಗಂಟೆ ಕಾದೆವು. ನನ್ನ ಮೆಣಸಿನ ಸಸಿಗಳಿಗೂ ಅದೇ ಮೊದಲ ಊಟ. ಅವ್ವ ಊರಿಗೆ ಹೊರಡುವ ಮುನ್ನ ಅವುಗಳಲ್ಲಿ ಗಟ್ಟಿಯಾದ ನಾಲ್ಕನ್ನು ಆರಿಸಿ ಎರಡನೇ ಮಹಡಿಯವರಿಗೆ ಕೊಟ್ಟಳು, ಅವರು ಮೊದಲು ಒಂದೊಂದು ಕುಂಡವನ್ನೂ ಎತ್ತಿ ನೋಡಿ ತೆಗೆದುಕೊಂಡರು.